ಬೋರಿಸ್ ಎಫ್ರುಸ್ಸಿ

ಒಂದು ರಾಜ್ಯದಲ್ಲಿ ಸಕಲ ಶಾಸನಗಳೂ ರಾಜಧಾನಿಯಿಂದಲೇ ಹೊರಡತಕ್ಕವೆಂದು ಪಂಡಿತರೂ ಪಾಮರರೂ ನಂಬಿಕೊಂಡಿರುವಾಗ, ಅದರೊಳಗಿನ ಒಂದು ಸಣ್ಣ ಸಂಸ್ಥಾನದಲ್ಲಿ ಬೇರೆಯೇ ಶಾಸನಪುಸ್ತಕ ನಡೆಯುತ್ತಿರುವುದೆಂದು ಒಬ್ಬನು ಸಾಕ್ಷ್ಯಸಮೇತವಾಗಿ ತೋರಿಸಿದರೆ, ಅವನ ಮಾತಿಗೆ ಒಡನೆಯೇ ಕಿವಿಗೊಡುವವರು ವಿರಳ. ಜೀವಶಾಸ್ತ್ರದಲ್ಲಿ ಅಂಥ ಸಾಕ್ಷ್ಯವನ್ನು ತಂದಿರಿಸಿದವರು ಬೋರಿಸ್ ಎಫ್ರುಸ್ಸಿ ಮಹಾಶಯರು. ಪ್ರಾಣಿಸಸ್ಯಗಳ ವಂಶಲಕ್ಷಣಗಳೆಲ್ಲವೂ ಜೀವಕೋಶದ ಮಧ್ಯದಲ್ಲಿರುವ ಕೇಂದ್ರದಿಂದಲೇ ನಿಯಮಿತವಾಗುವುವೆಂಬುದು ಅವರ ಕಾಲದ ಸಿದ್ಧಾಂತವಾಗಿದ್ದಿತು. ಕೇಂದ್ರದ ಹೊರಗಿನ ಕೋಶರಸದಲ್ಲಿಯೂ ಒಂದು ಅಧಿಕಾರಪೀಠವಿದೆಯೆಂದು ಅವರು ಹೇಳಿದರು. ಆ ಪೀಠದ ಭಾಷೆಯೇ ಕೇಂದ್ರದ ಭಾಷೆಗಿಂತ ಕೊಂಚ ಬೇರೆಯೆಂಬುದು ಹೊರಬಿದ್ದುದು ಅವರು ಕಣ್ಮುಚ್ಚಿದ ವರ್ಷದಲ್ಲಿ. ವಿಜ್ಞಾನಿಗಳ ವಲಯದಲ್ಲಿ ಅವರ ಹೆಸರನ್ನು ಕೇಳದವರಿಲ್ಲವಾದರೂ, ನಮ್ಮ ವಾಚಕರಲ್ಲಿ ಅನೇಕರಿಗೆ ಅವರ ಚರಿತ್ರೆ ಹೊಸದಾಗಿರಬಹುದೆಂದು ಇಲ್ಲಿ ಬರೆಯುತ್ತಿರುವೆವು.

ಎಫ್ರುಸ್ಸಿಯವರು ೧೯೦೧ನೆಯ ಇಸವಿಯಲ್ಲಿ ಮಾಸ್ಕೋ ನಗರದಲ್ಲಿ ಯಹೂದ್ಯ ಮನೆತನವೊಂದರಲ್ಲಿ ಜನಿಸಿದರು. ೧೯೧೭ರ ಕ್ರಾಂತಿಯಿಂದ ರಷ್ಯಾ ದೇಶವು ಅಲ್ಲೋಲಕಲ್ಲೋಲವಾದಾಗ ತರುಣನಾಗಿದ್ದ ಅವರು ಜನ್ಮಭೂಮಿಯನ್ನು ತೊರೆದು ಪ್ಯಾರಿಸ್ಸನ್ನು ಸೇರಿದರು. ಪರದೇಶಿಯಾಗಿ ಬಂದವನಿಗೆ ವಿದ್ಯೆಯೊಂದೇ ಬಂಡವಾಳ. ಸೋರ್ಬಾನ್ ವಿದ್ಯಾಪೀಠದಲ್ಲಿ ಪ್ರಾಣಿಶಾಸ್ತ್ರವನ್ನು ಓದಿ, ಕಡಲಮುಳ್ಳಿಯ ಮೊಟ್ಟೆಗಳು ಬೆಳೆಯುವ ಬಗೆಯನ್ನೂ ಶಾಖವು ಆ ಬೆಳವಣಿಗೆಯ ಮೇಲೆ ಮಾಡುವ ಪರಿಣಾಮವನ್ನೂ ಶೋಧಿಸಿ, ೧೯೩೨ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಬಾಲ ಮೋಟಾಗಿ ಹುಟ್ಟುವ ಇಲಿಗಳದೊಂದು ತಳಿಯುಂಟು. ಅದರ ದೋಷವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ಮರಿ ಗರ್ಭದಲ್ಲಿಯೇ ಸಾಯುವುದು. ಅಂಥ ಭ್ರೂಣದ ಅಂಗಾಂಶವನ್ನು ಗಾಜಿನ ಪಾತ್ರೆಯಲ್ಲಿ ಪೋಷಿಸಿದರೆ ಅದು ಬದುಕಿ ಬೆಳೆಯುವುದೆಂದು ಅವರು ಕಂಡರು. ಇಡೀ ಪ್ರಾಣಿಗೆ ಮೃತ್ಯುವಾದ ದೋಷವು ಅದರ ಒಂದೊಂದು ಕೋಶಕ್ಕೂ ಮೃತ್ಯುವಾಗಬೇಕಾಗಿಲ್ಲ. ಜೀನುಗಳೆಂಬ ವಂಶವಾಹಿಗಳು ಕೋಶದೊಳಗೆ ವಾಸ್ತವವಾಗಿ ಮಾಡುವ ಕೆಲಸವೇನು ಎಂಬ ಪ್ರಶ್ನೆ ಅಂದಿನಿಂದ ಅವರನ್ನು ಬಿಡಲಿಲ್ಲ.

ಈ ಪ್ರಶ್ನೆಯನ್ನು ಕಟ್ಟಿಕೊಂಡು ೧೯೩೪ರಲ್ಲಿ ರಾಕ್‌ಫೆಲರ್ ನಿಧಿಯ ಸಹಾಯದಿಂದ ಕ್ಯಾಲಿಫೋರ್ನಿಯಾದ ಪಾಸಡೀನಾಕ್ಕೆ ಹೋದರು. ಹಣ್ಣಿನ ನೊಣವನ್ನು ಸಾಕಿ ಜೀನುಗಳ ಸ್ಥಾನವನ್ನು ನಿರ್ಣಯಿಸುತ್ತಿದ್ದ ಮಾರ್ಗನ್ ಮಹಾಶಯರ ಶಾಲೆ ಅಲ್ಲಿದ್ದಿತು. ಅಲ್ಲಿ ನೆಬ್ರಾಸ್ಕಾ ಪ್ರಾಂತದ ರೈತನ ಮಗನಾದ ಜಾರ್ಜ್ ಬೀಡ್ಲ್ ಅವರ ಸ್ನೇಹವಾಯಿತು. ಮರುವರ್ಷ ಇಬ್ಬರೂ ಪ್ಯಾರಿಸ್ಸಿನಲ್ಲಿ ಕೂಡಿ ಒಂದು ಸಾಹಸಕ್ಕೆ ಕೈಹಾಕಿದರು. ನೊಣದ ಮರಿಹುಳುವಿನಲ್ಲಿ ಮುಂದೆ ಕಣ್ಣಾಗತಕ್ಕ ಒಂದು ಸಣ್ಣ ತಟ್ಟೆಯಿರುವುದು. ಅದನ್ನು ಕಿತ್ತು ಮತ್ತೊಂದು ಹುಳುವಿನ ಹೊಟ್ಟೆಯಲ್ಲಿಟ್ಟು ಬೆಳೆಸುವುದು ಅವರ ಸಂಕಲ್ಪ. ನೊಣಗಳ ರೂಪಾಂತರವನ್ನು ಬಹುಕಾಲ ಅಭ್ಯಸಿಸಿದ್ದ ವೃದ್ಧ ಪ್ರಾಧ್ಯಾಪಕರೊಬ್ಬರು ಇದು ಆಗದ ಕೆಲಸವೆಂದು ಬುದ್ಧಿಹೇಳಿದರಂತೆ. ಆದರೂ ಒಂದು ದಿನ ಹೊಟ್ಟೆಯೊಳಗೆ ಮೂರನೆಯ ಕಣ್ಣುಳ್ಳ ನೊಣವು ಹೊರಬಂದಿತು. ಮಿತ್ರರಿಬ್ಬರೂ ಹತ್ತಿರದ ಉಪಾಹಾರಗೃಹಕ್ಕೆ ನಡೆದು ಸಂತೋಷವನ್ನಾಚರಿಸಿದರು. ತಮ್ಮ ಸ್ವಂತ ಬಣ್ಣವನ್ನು ತಾವೇ ತಯಾರಿಸಲಾರದ ಕೆಲವು ಕಣ್ಣುಗಳು ಸಹಜನೊಣದ ಹೊಟ್ಟೆಯಲ್ಲಿ ಬೆಳೆದಾಗ ಸಹಜವರ್ಣವನ್ನು ತಾಳುತ್ತಿದ್ದವು. ಯಾವ ಕಣ್ಣು ಯಾರ ಹೊಟ್ಟೆಯಲ್ಲಿ ಯಾವ ಬಣ್ಣವಾಗುವುದೆಂಬುದನ್ನು ಹೊಂದಿಸಿ ನೋಡಿದಾಗ, ಬಣ್ಣವು ಒಂದಾದ ಮೇಲೊಂದು ಮೆಟ್ಟಲಿನಲ್ಲಿ ತಯಾರಾಗುವುದೆಂದೂ, ಒಂದೊಂದು ಮೆಟ್ಟಲನ್ನು ಒಂದೊಂದು ಜೀನು ನಡೆಸುವುದೆಂದೂ ಊಹಿಸಲು ಆಧಾರ ದೊರೆಯಿತು. ಬೀಡ್ಲ್ ಅವರು ಮುಂದೆ ಟೇಟಮ್ ಅವರೊಡನೆ ಬೂಷ್ಟಿನ ಮೇಲೆ ಇದೇ ಜಾಡಿನಲ್ಲಿ ಪರೀಕ್ಷೆ ನಡೆಸಿ ೧೯೫೮ರಲ್ಲಿ ನೋಬೆಲ್ ಪಾರಿತೋಷಕವನ್ನು ಹೊಂದಿದರು. ಎಫ್ರುಸ್ಸಿಯವರ ಹೆಸರು ಆ ಪಟ್ಟಿಯಲ್ಲಿ ಬರಲಿಲ್ಲ. ಬರಬೇಕಾಗಿದ್ದಿತೆಂಬುದು ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ೧೯೩೬ರಲ್ಲಿ ಜಾಕ್ ಮೊನೊ ಎಂಬ ತರುಣ ವಿಜ್ಞಾನಿ, ಹಿಂದೊಮ್ಮೆ ಮಾಡಿದಂತೆ ಷಾರ್ಕೋ ಎಂಬ ಧ್ರುವಾನ್ವೇಷಕರ ಹಡಗಿನಲ್ಲಿ ಗ್ರೀನ್‌ಲೆಂಡಿಗೆ ಮತ್ತೆ ಹೊರಡಬೇಕೆಂದಿದ್ದರು. ಎಫ್ರುಸ್ಸಿಯವರು ಅವರ ಮನಸ್ಸನ್ನು ತಿರುಗಿಸಿ, ತಳಿಶಾಸ್ತ್ರವನ್ನು ಕಲಿಯಲೆಂದು ತಮ್ಮೊಡನೆ ಪಾಸಡೀನಾಕ್ಕೆ ಕರೆದುಕೊಂಡು ಹೋದರು. ಆ ಹಡಗು ಅದೇ ವರ್ಷ ಐಸ್‌ಲೆಂಡಿನ ತೀರದಲ್ಲಿ ಒಡೆದು, ಒಬ್ಬನ ಹೊರತು ಸರ್ವರೂ ಜಲಸಮಾಧಿಯಾದರು. ಮೊನೊ ಅವರು ೧೯೬೫ರಲ್ಲಿ ನೋಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

೧೯೪೦ರಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿದರು. ಯಹೂದ್ಯರಿಗೆ ಅಲ್ಲಿ ಉದ್ಯೋಗವೂ ಇಲ್ಲ, ಪ್ರಾಣಕ್ಕೆ ಭರವಸೆಯೂ ಇಲ್ಲವೆಂಬ ಕಾಲ ಬಂದಿತು. ಒಮ್ಮೆ ದೇಶಬಿಟ್ಟವರು ಎರಡನೆಯ ಬಾರಿಯೂ ದೇಶಬಿಟ್ಟರು. ಅಮೆರಿಕಾದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಆಶ್ರಯ ಸಿಕ್ಕಿತು. ಸುರಕ್ಷಿತವಾದ ಆ ಸ್ಥಾನದಲ್ಲಿ ಯುದ್ಧ ಮುಗಿಯುವವರೆಗೂ ಕುಳಿತಿರಬಹುದಾಗಿದ್ದಿತು. ಆದರೆ ೧೯೪೪ರಲ್ಲಿ ಅದನ್ನು ಬಿಟ್ಟು, ಲಂಡನ್ನಿನಲ್ಲಿದ್ದ ಸ್ವತಂತ್ರ ಫ್ರೆಂಚರ ಪಕ್ಷವನ್ನು ಸೇರಿದರು. ಹುಟ್ಟಿದ ನಾಡು ತನ್ನನ್ನು ಉಳಿಸಿಕೊಳ್ಳದೆ ಹೋದರೂ, ಅನ್ನವಿದ್ಯೆಗಳನ್ನಿತ್ತ ನಾಡಿನ ಋಣವನ್ನು ಅವರು ಮರೆಯಲಿಲ್ಲ. ಯುದ್ಧ ಮುಗಿದ ಮೇಲೆ ಸೋರ್ಬಾನ್ ವಿದ್ಯಾಪೀಠವು ತಳಿಶಾಸ್ತ್ರಕ್ಕಾಗಿ ಒಂದು ಪ್ರಾಧ್ಯಾಪಕಪೀಠವನ್ನು ಸ್ಥಾಪಿಸಿ ಅದನ್ನು ಅವರಿಗೆ ಕೊಟ್ಟಿತು. ಪಾಸ್ತರರ ದೇಶದಲ್ಲಿ ಈ ಶಾಸ್ತ್ರಕ್ಕೆ ಅದುವರೆಗೆ ಒಂದು ಪೀಠವೂ ಇರಲಿಲ್ಲವೆಂಬುದು ಆಶ್ಚರ್ಯದ ಮಾತು.

ಅಲ್ಲಿಂದ ಅವರು ನೊಣವನ್ನು ಬಿಟ್ಟು ಯೀಸ್ಟನ್ನು ಹಿಡಿದರು. ರೊಟ್ಟಿಯ ಹಿಟ್ಟನ್ನು ಉಬ್ಬಿಸುವುದೂ ಹೆಂಡದ ಗಡಿಗೆಯಲ್ಲಿ ನೊರೆಯೇಳಿಸುವುದೂ ಈ ಏಕಕೋಶಜೀವಿಯೇ. ಗಾಳಿಯಿದ್ದರೆ ಇದು ನಮ್ಮಂತೆ ಉಸಿರಾಡಿ ಸಕ್ಕರೆಯನ್ನು ಪೂರ್ತಿಯಾಗಿ ದಹಿಸಿಕೊಳ್ಳಬಲ್ಲುದು. ಗಾಳಿಯಿಲ್ಲದಿದ್ದರೆ ಸಕ್ಕರೆಯನ್ನು ಹುಳಿಹಿಡಿಸಿ ಮದ್ಯವಾಗಿ ಮಾಡಿ, ಬಂದಷ್ಟು ಅಲ್ಪಶಕ್ತಿಯಿಂದಲೇ ಜೀವಿಸಬಲ್ಲುದು. ಎರಡು ದಾರಿಗಳಿರುವುದರಿಂದ ಒಂದು ಕೆಟ್ಟರೂ ಅದು ಸಾಯುವುದಿಲ್ಲ. ಈ ಗುಣವೇ ಮುಂದಿನ ಶೋಧಕ್ಕೆ ಆಧಾರವಾಯಿತು. ಉಸಿರಾಟವು ಕೆಟ್ಟ ಬೇರೆ ಜೀವಿಯನ್ನು ಪರೀಕ್ಷಿಸೋಣವೆಂದರೆ ಅದು ಬದುಕಿಯೇ ಇರುವುದಿಲ್ಲ.

ಸಕ್ಕರೆ ಬೆರೆಸಿದ ಅಗರಿನ ತಟ್ಟೆಯ ಮೇಲೆ ಯೀಸ್ಟನ್ನು ಚೆಲ್ಲಿದರೆ ಒಂದೊಂದು ಕೋಶವೂ ವೃದ್ಧಿಯಾಗಿ ಒಂದೊಂದು ಗುಂಡಾದ ಮಚ್ಚೆಯಾಗುವುದು. ನೂರು ಮಚ್ಚೆಗಳಲ್ಲಿ ಒಂದೆರಡು ಮಾತ್ರ ತೀರ ಚಿಕ್ಕವಾಗಿಯೇ ನಿಂತುಬಿಡುವುವು. ಎಷ್ಟೋ ಜನರು ಇವನ್ನು ನೋಡಿ ಮುಂದೆ ಸಾಗಿರಬೇಕು. ಎಫ್ರುಸ್ಸಿಯವರೂ ಅವರ ಸಂಗಡಿಗರೂ ಅಲ್ಲಿ ನಿಂತರು. ಚಿಕ್ಕ ಮಚ್ಚೆಯ ಕೋಶವನ್ನು ಎಷ್ಟು ಸಲ ಮತ್ತೆ ಬೆಳೆಸಿದರೂ ಅದರ ಸಂತಾನವೆಲ್ಲ ಚಿಕ್ಕದೇ. ಎಂದಿಗೂ ಹಿಂದಿನ ಗಾತ್ರಕ್ಕೆ ಮರಳದು. ಇನ್ನು, ಆಸ್ಪತ್ರೆಗಳಲ್ಲಿ ಗಾಯಕ್ಕೆ ಹಚ್ಚುತ್ತಿದ್ದ ಅಕ್ರಿಫ್ಲೇವಿನ್ ಎಂಬ ಹಳದಿ ಔಷಧವನ್ನು ಅತ್ಯಲ್ಪವಾಗಿ ಬೆರೆಸಿದರೆ, ನೂರಕ್ಕೆ ಒಂದೆರಡಲ್ಲ, ಹೆಚ್ಚುಕಡಿಮೆ ಎಲ್ಲವೂ ಚಿಕ್ಕವಾಗುವುವು. ಸಾಮಾನ್ಯವಾದ ಯಾವ ಜೀನೂ ಹೀಗೆ ಇಡೀ ಜನಾಂಗದಲ್ಲಿ ಒಮ್ಮೆಗೇ ಬದಲಾಗುವುದಿಲ್ಲ. ಈ ಚಿಕ್ಕ ತಳಿಗೆ ಅವರು ಫ್ರೆಂಚ್ ಭಾಷೆಯಲ್ಲಿ ಚಿಕ್ಕದೆಂಬ ಅರ್ಥದ ಪೆತೀತ್ ಎಂಬ ಹೆಸರನ್ನೇ ಇಟ್ಟರು. ಲೋಕವೆಲ್ಲ ಇಂದಿಗೂ ಹಾಗೆಯೇ ಕರೆಯುವುದು. ಪೋಲೆಂಡಿನ ಗುಪ್ತಸೈನ್ಯದಲ್ಲಿ ಹೋರಾಡಿ ಪ್ಯಾರಿಸ್ಸಿಗೆ ಬಂದಿದ್ದ ಪ್ಯೋತ್ರ್ ಸ್ಲೋನಿಮ್ಸ್ಕಿ ಎಂಬ ತರುಣರು ಇದರ ರಸಾಯನವನ್ನು ಶೋಧಿಸಿ, ಇವು ಉಸಿರಾಡಲಾರವೆಂದೂ, ಉಸಿರಾಟಕ್ಕೆ ಬೇಕಾದ ಸೈಟೊಕ್ರೋಮ್ ದ್ರವ್ಯಗಳಲ್ಲಿ ಕೆಲವು ಇವುಗಳಲ್ಲಿಲ್ಲವೆಂದೂ ತೋರಿಸಿದರು. ಹುಳಿಹಿಡಿಸುವ ಒಂದೇ ದಾರಿಯಿಂದ ಜೀವಿಸುವುದರಿಂದಲೇ ಅವು ಕುಬ್ಜವಾಗಿದ್ದವು.

ಮುಂದಿನ ಪ್ರಶ್ನೆ, ಈ ದೋಷವು ಎಲ್ಲಿ ಬರೆದಿದೆ ಎಂಬುದು. ಇದರ ಉತ್ತರವನ್ನು ಎಫ್ರುಸ್ಸಿಯವರು ಮೆಂಡೆಲರ ಲೆಕ್ಕದಿಂದಲೇ ಪಡೆದರು. ಯೀಸ್ಟಿನ ಎರಡು ತಳಿಗಳು ಕೂಡಿದರೆ ಕಡೆಗೆ ಒಂದು ಪುಟ್ಟ ಚೀಲದಲ್ಲಿ ನಾಲ್ಕು ಬೀಜಕಗಳಾಗುವುವು. ತಂದೆಯಲ್ಲಿ ಒಂದು ಬಗೆ, ತಾಯಿಯಲ್ಲಿ ಮತ್ತೊಂದು ಬಗೆಯಾದ ಕೇಂದ್ರದ ಜೀನು, ನಾಲ್ಕು ಬೀಜಕಗಳಲ್ಲಿ ಎರಡಕ್ಕೆ ಒಂದು ಬಗೆಯಾಗಿ, ಎರಡಕ್ಕೆ ಮತ್ತೊಂದು ಬಗೆಯಾಗಿ ಹಂಚಿಹೋಗಲೇಬೇಕು. ಸಮಪಾಲಿನ ದಾಯವಿಭಾಗದಂತೆ ಇದು ತಪ್ಪದು. ಚಿಕ್ಕ ತಳಿಯನ್ನು ದೊಡ್ಡ ತಳಿಯೊಡನೆ ಕೂಡಿಸಿದಾಗ ನಾಲ್ಕು ಬೀಜಕಗಳೂ ದೊಡ್ಡವೇ ಆದುವು. ಮಕ್ಕಳನ್ನು ಮತ್ತೆ ಮತ್ತೆ ದೊಡ್ಡ ತಳಿಯೊಡನೆ ಕೂಡಿಸಿದರೂ ಚಿಕ್ಕತನವು ತಲೆಯೆತ್ತಲಿಲ್ಲ. ಕೇಂದ್ರದ ಮಿಕ್ಕ ಜೀನುಗಳಾದರೋ ಅದೇ ಚೀಲದಲ್ಲಿ ಎರಡಕ್ಕೆರಡಾಗಿ ಶಿಸ್ತಿನಿಂದ ಹಂಚಿಹೋಗುತ್ತಿದ್ದವು. ಆದುದರಿಂದ ಕಳೆದುಹೋದ ವಸ್ತುವು ಕೇಂದ್ರದ್ದಲ್ಲ, ಕೋಶರಸದ್ದು. ತಾನೇ ತನ್ನ ಪ್ರತಿಯನ್ನು ಮಾಡಿಕೊಂಡು ವಂಶದಿಂದ ವಂಶಕ್ಕೆ ನಡೆಯತಕ್ಕ ಕಣವೊಂದು ಅಲ್ಲಿರಲೇಬೇಕು. ಇದು ೧೯೪೯ರಲ್ಲಿ ಪ್ರಕಟವಾಯಿತು.

ಆ ವರ್ಷಗಳಲ್ಲಿ ಇಂಥ ಮಾತನ್ನಾಡುವುದು ಸಾಮಾನ್ಯ ವಿಷಯವಾಗಿರಲಿಲ್ಲ. ೧೯೪೮ರ ಬೇಸಗೆಯಲ್ಲಿ ಕೋಶರಸದ ವಂಶಾನುಗತಿಯ ವಿಷಯವಾಗಿ ಪ್ಯಾರಿಸ್ಸಿನಲ್ಲಿ ವಿದ್ವತ್ಸಭೆ ಸೇರಿತು. ಅದೇ ವರ್ಷ ಆಗಸ್ಟಿನಲ್ಲಿ, ಎಫ್ರುಸ್ಸಿಯವರು ಹುಟ್ಟಿದ ಮಾಸ್ಕೋ ನಗರದಲ್ಲಿಯೇ, ಲೈಸೆಂಕೋ ಎಂಬಾತನು ಸರಕಾರದ ಬೆಂಬಲದಿಂದ ಮೆಂಡೆಲರ ಶಾಸ್ತ್ರವೇ ಮಿಥ್ಯೆಯೆಂದು ಸಾರಿಸಿದನು. ಆ ಶಾಸ್ತ್ರದ ಹಿರಿಯರಾದ ವಾವಿಲೋವ್ ಅವರು ಅದಕ್ಕೆ ೫ ವರ್ಷ ಮೊದಲೇ ಸೆರೆಮನೆಯಲ್ಲಿ ಸತ್ತಿದ್ದರು. ಇತ್ತ ಅಮೆರಿಕಾ ಇಂಗ್ಲೆಂಡುಗಳಲ್ಲಿ ಜೀನಲ್ಲದೆ ಬೇರೆ ವಂಶಾಧಾರವಿಲ್ಲವೆಂಬ ಹಟ. ಅತ್ತ ರಷ್ಯಾದಲ್ಲಿ ಜೀನೇ ಇಲ್ಲವೆಂಬ ಹಟ. ಎಫ್ರುಸ್ಸಿಯವರು ಎರಡು ಪಂಗಡಕ್ಕೂ ಸೇರದೆ ತಮ್ಮ ಚೀಲಗಳ ಲೆಕ್ಕವನ್ನು ಮುಂದಿಟ್ಟರು. ೧೯೫೦ರಲ್ಲಿ ಚಿಕ್ಕ ತಳಿಗಳಲ್ಲಿಯೇ ಬೇರೊಂದು ಬಗೆಯುಂಟೆಂದೂ, ಅದು ಎರಡಕ್ಕೆರಡಾಗಿ ಹಂಚಿಹೋಗುವುದರಿಂದ ಅದರ ದೋಷವು ಕೇಂದ್ರದ ಜೀನಿನದೆಂದೂ ಅವರ ಶಾಲೆಯೇ ಪ್ರಕಟಿಸಿತು. ಉಸಿರಾಟದ ಯಂತ್ರವನ್ನು ಕಟ್ಟಲು ಕೇಂದ್ರದ ಆಜ್ಞೆಯೂ ಬೇಕು, ಕೋಶರಸದ ಆಜ್ಞೆಯೂ ಬೇಕು. ಇದಕ್ಕಿಂತ ಹೆಚ್ಚಾಗಿ ಹೇಳಲು ಸಾಕ್ಷ್ಯವಿರಲಿಲ್ಲ. ಅವರು ಹೇಳಲೂ ಇಲ್ಲ. ೧೯೫೩ರಲ್ಲಿ ಈ ಕೇಂದ್ರಕೋಶರಸಗಳ ಸಂಬಂಧವನ್ನು ಕುರಿತು ಅವರ ಗ್ರಂಥವು ಹೊರಬಂದಿತು. ಗಂಭೀರರಾದರೂ ವಿನೋದಪ್ರಿಯರು. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ವಾಟ್ಸನ್ ಮೊದಲಾದ ಮೂವರೊಡನೆ ಸೇರಿ, ತಮ್ಮ ಶಾಸ್ತ್ರದ ಪರಿಭಾಷೆಯನ್ನೇ ಹಾಸ್ಯಮಾಡುವ ಪುಟ್ಟ ಪತ್ರವೊಂದನ್ನು ನೇಚರ್ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಮರುವಾರದ ಸಂಚಿಕೆಯಲ್ಲಿ ವಾಟ್ಸನ್ ಕ್ರಿಕ್ ಮಹಾಶಯರ ಡಿಎನ್‌ಎ ಸುರುಳಿಯ ಲೇಖನವು ಬಂದಿತು.

ಆ ಕಣವು ಯಾವುದೆಂಬುದು ತಿಳಿಯಲು ಇನ್ನೂ ಹತ್ತು ವರ್ಷ ಹಿಡಿಯಿತು. ಮೈಟೊಕಾಂಡ್ರಿಯಗಳೆಂಬ ಕಾಳಿನಂಥ ಅವಯವಗಳು ಕೋಶರಸದಲ್ಲಿ ತೇಲಾಡುತ್ತಿರುವುವು. ಉಸಿರಾಟದ ಒಲೆಗಳು ಅವೇ. ೧೯೬೩ರಲ್ಲಿ ಸ್ವೀಡನ್ನಿನಲ್ಲಿ ನಾಸ್ ದಂಪತಿಗಳು ಕೋಳಿಯ ಭ್ರೂಣದ ಮೈಟೊಕಾಂಡ್ರಿಯಗಳೊಳಗೆ ಡಿಎನ್‌ಎಯ ಎಳೆಗಳನ್ನು ವಿದ್ಯುತ್ಸೂಕ್ಷ್ಮದರ್ಶಕದಿಂದ ಕಂಡರು. ಮರುವರ್ಷ ವಿಯೆನ್ನಾದಲ್ಲಿ ಷಾಟ್ಸ್ ಮತ್ತು ಸಂಗಡಿಗರು ಯೀಸ್ಟಿನ ಮೈಟೊಕಾಂಡ್ರಿಯದಲ್ಲಿಯೂ ಅದು ಇದೆಯೆಂದು ತೋರಿಸಿದರು. ೧೯೬೬ರಲ್ಲಿ ಸ್ಲೋನಿಮ್ಸ್ಕಿಯವರ ಶಾಲೆಯವರು ಚಿಕ್ಕ ತಳಿಯ ಮೈಟೊಕಾಂಡ್ರಿಯದ ಡಿಎನ್‌ಎ ವಿಕಾರಗೊಂಡಿರುವುದೆಂದು ಸಿದ್ಧಮಾಡಿದರು. ಕೆಲವು ಚಿಕ್ಕ ತಳಿಗಳಲ್ಲಿ ಅದು ಲವಲೇಶವೂ ಇಲ್ಲವೆಂದು ಆಮೇಲೆ ತಿಳಿಯಿತು. ಹಳದಿ ಔಷಧವು ಅಳಿಸಿಹಾಕುತ್ತಿದ್ದುದು ಈ ಪುಟ್ಟ ಶಾಸನಪುಸ್ತಕವನ್ನೇ.

ಅಷ್ಟರಲ್ಲಿ ಎಫ್ರುಸ್ಸಿಯವರು ಯೀಸ್ಟನ್ನು ಶಿಷ್ಯರ ಕೈಗೆ ಒಪ್ಪಿಸಿ, ಅರುವತ್ತರ ಪ್ರಾಯದಲ್ಲಿ ಹೊಸ ಕ್ಷೇತ್ರವನ್ನು ಹಿಡಿದಿದ್ದರು. ಬೇರೆ ಬೇರೆ ಪ್ರಾಣಿಗಳ ದೇಹದ ಕೋಶಗಳನ್ನು ಗಾಜಿನಲ್ಲಿ ಬೆಸೆದು ಮಿಶ್ರಕೋಶಗಳನ್ನು ಪಡೆಯುವ ಶಾಸ್ತ್ರವದು. ಅಮೆರಿಕಾದ ಕ್ಲೀವ್‌ಲೆಂಡಿನಲ್ಲಿ ಕೆಲವು ವರ್ಷ ಇದ್ದು, ೧೯೬೫ರಲ್ಲಿ ಮೇರಿ ವೈಸ್ ಎಂಬ ವಿದುಷಿಯೊಡನೆ ಹೆಗ್ಗಣದ ಕೋಶವನ್ನೂ ಇಲಿಯ ಕೋಶವನ್ನೂ ಕೂಡಿಸಿದರು. ಅಲ್ಲಿಂದ ಫ್ರಾನ್ಸಿಗೆ ಮರಳಿ ಪ್ಯಾರಿಸ್ಸಿನ ಬಳಿಯ ಗಿಫ್ ಗ್ರಾಮದ ಸಂಶೋಧನಾಲಯದಲ್ಲಿ ನೆಲೆನಿಂತರು. ತಾವೂ ತಳಿಶಾಸ್ತ್ರಜ್ಞೆಯಾಗಿದ್ದ ಪತ್ನಿ ಹ್ಯಾರಿಯೆಟ್ ಟೇಲರ್ ಅವರು ೧೯೬೮ರಲ್ಲಿ ತೀರಿಕೊಂಡರು. ೧೯೭೪ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯವು ಹಾರ್ವಿಟ್ಸ್ ಬಹುಮಾನವನ್ನಿತ್ತು ಅವರನ್ನು ಗೌರವಿಸಿತು. ೧೯೭೯ನೆಯ ಇಸವಿ ಮೇ ತಿಂಗಳಲ್ಲಿ ಅವರು ದಿವಂಗತರಾದರು.

ಅದೇ ೧೯೭೯ರಲ್ಲಿ ಮೈಟೊಕಾಂಡ್ರಿಯದ ಪುಸ್ತಕವನ್ನು ಅಕ್ಷರಶಃ ಓದುವ ಕಾಲ ಬಂದಿತು. ವಾಚಕರಿಗೆ ಆ ಲಿಪಿಯ ಪರಿಚಯವನ್ನು ಸ್ವಲ್ಪ ಮಾಡಿಕೊಡಬೇಕು. ಡಿಎನ್‌ಎಯ ಬರಹದಲ್ಲಿ ಅಕ್ಷರಗಳು ನಾಲ್ಕೇ. ಮೂರು ಮೂರು ಅಕ್ಷರಗಳ ಒಂದೊಂದು ಪದವಾಗಿ ಒಟ್ಟು ೬೪ ಪದಗಳಾಗುವುವು. ಅವುಗಳಲ್ಲಿ ೬೧ ಪದಗಳು ಪ್ರೋಟೀನಿನ ಘಟಕಗಳಾದ ೨೦ ಅಮೈನೋ ಆಮ್ಲಗಳನ್ನು ಸೂಚಿಸುವುವು. ಮಿಕ್ಕ ಮೂರು, ವಾಕ್ಯ ಮುಗಿಯಿತೆಂಬ ಪೂರ್ಣವಿರಾಮಗಳು. ೧೯೬೧ರಿಂದ ೧೯೬೬ರವರೆಗೆ ನೀರೆನ್‌ಬರ್ಗ್ ಅವರೂ, ಅಂದಿನ ಪಂಜಾಬಿನ ರಾಯಪುರ ಗ್ರಾಮದಲ್ಲಿ ಹುಟ್ಟಿದ ನಮ್ಮ ಹರಗೋವಿಂದ ಖೊರಾನಾ ಅವರೂ, ಇತರರೂ ಈ ನಿಘಂಟನ್ನು ಪೂರ್ತಿಮಾಡಿದರು. ಸೂಕ್ಷ್ಮಾಣುವಿನಿಂದ ಮನುಷ್ಯನವರೆಗೆ ನಿಘಂಟು ಒಂದೇ ಎಂದು ಕಂಡುದರಿಂದ, ಇದು ವಿಶ್ವವ್ಯಾಪಿಯೆಂದೂ, ಒಂದು ಪದದ ಅರ್ಥ ಬದಲಾದರೂ ಸಹಸ್ರಾರು ಪ್ರೋಟೀನುಗಳು ಒಮ್ಮೆಗೇ ಕೆಡುವುದರಿಂದ ಇದು ಎಂದಿಗೂ ಬದಲಾಗಲಾರದೆಂದೂ ಪಾಠಪುಸ್ತಕಗಳು ಸಾರಿದುವು.

ಕೇಂಬ್ರಿಜ್ಜಿನಲ್ಲಿ ಬ್ಯಾರಲ್ ಮತ್ತು ಸಂಗಡಿಗರು ಮನುಷ್ಯನ ಮೈಟೊಕಾಂಡ್ರಿಯವನ್ನೂ, ನ್ಯೂಯಾರ್ಕಿನಲ್ಲಿ ತ್ಸಾಗೊಲೋಫ್ ಅವರ ಶಾಲೆಯವರು ಯೀಸ್ಟಿನ ಮೈಟೊಕಾಂಡ್ರಿಯವನ್ನೂ ಓದತೊಡಗಿದಾಗ ಅರ್ಥವು ಕೂಡಲಿಲ್ಲ. ವಾಕ್ಯದ ನಡುವೆಯೇ ಯುಜಿಎ ಎಂಬ ಪೂರ್ಣವಿರಾಮವು ಬರುತ್ತಿದ್ದಿತು. ಆದರೂ ಪ್ರೋಟೀನು ಅಲ್ಲಿ ನಿಲ್ಲದೆ ಮುಂದುವರಿಯುತ್ತಿದ್ದಿತು. ಅಲ್ಲಿ ಯುಜಿಎ ವಿರಾಮವಲ್ಲ, ಟ್ರಿಪ್ಟೊಫಾನ್ ಎಂಬ ಆಮ್ಲದ ಹೆಸರು! ಎಯುಎ ಎಂಬುದು ಕೇಂದ್ರದಲ್ಲಿ ಐಸೊಲ್ಯೂಸೀನ್, ಮೈಟೊಕಾಂಡ್ರಿಯದಲ್ಲಿ ಮೆಥಿಯೋನೀನ್. ಇಷ್ಟರಲ್ಲಿ ಮನುಷ್ಯನೂ ಯೀಸ್ಟೂ ಒಂದೇ. ಆದರೆ ಸಿಯು ಎಂದು ಆರಂಭವಾಗುವ ನಾಲ್ಕು ಪದಗಳನ್ನು ಲೋಕವೆಲ್ಲವೂ, ಮನುಷ್ಯನ ಮೈಟೊಕಾಂಡ್ರಿಯವೂ ಕೂಡ, ಲ್ಯೂಸೀನ್ ಎಂದು ಓದುತ್ತಿರಲು, ರೊಟ್ಟಿಯ ಯೀಸ್ಟಿನ ಮೈಟೊಕಾಂಡ್ರಿಯ ಮಾತ್ರ ಥ್ರಿಯೊನೀನ್ ಎಂದು ಓದುವುದು. ಹಾಗೆ ಓದಿಸುವ ದುಭಾಷಿಯಾದ ವಿಚಿತ್ರ ಆರ್‌ಎನ್‌ಎಯ ಜೀನೂ ಅದೇ ವರ್ಷ ಸಿಕ್ಕಿತು. ಹಿಸ್ಟಿಡೀನ್ ಎಂಬ ಬೇರೊಂದು ಆಮ್ಲದ ದುಭಾಷಿಯಿಂದ ಅದು ಹುಟ್ಟಿಬಂದಿರುವುದೆಂದು ೨೦೧೧ರಲ್ಲಿ ತಿಳಿದುಬಂದಿತು. ಯೀಸ್ಟಿನ ನೆಂಟನಾದ ಆಷ್ಬ್ಯಾ ಎಂಬ ಬೂಷ್ಟಿನ ಮೈಟೊಕಾಂಡ್ರಿಯವು ಅವೇ ಪದಗಳನ್ನು ಅಲನೀನ್ ಎಂದು ಓದುವುದೆಂದು ೨೦೧೪ರಲ್ಲಿ ಗೊತ್ತಾಯಿತು. ಹತ್ತಿರದ ಎರಡು ಊರುಗಳಲ್ಲಿ ಒಂದೇ ಮಾತಿಗೆ ಬೇರೆ ಬೇರೆ ಅರ್ಥವಿರುವುದನ್ನು ಕಂಡ ನಮ್ಮ ಕನ್ನಡಿಗರಿಗೆ ಇದು ಅಷ್ಟೇನೂ ವಿಪರೀತವಾಗಿ ತೋರಲಾರದು.

ಆಗಲಾರದೆಂದುದು ಇಲ್ಲಿ ಹೇಗಾಯಿತೆಂದರೆ, ಸಂಸ್ಥಾನವು ಚಿಕ್ಕದಾದುದರಿಂದ. ಯೀಸ್ಟಿನ ಮೈಟೊಕಾಂಡ್ರಿಯದ ಪುಸ್ತಕದಲ್ಲಿ ಬರೆದಿರುವ ಮುಖ್ಯ ಪ್ರೋಟೀನುಗಳು ಎಂಟೇ, ಮನುಷ್ಯನಲ್ಲಿ ಹದಿಮೂರು. ಮಿಕ್ಕ ನೂರಾರು ಪ್ರೋಟೀನುಗಳು ಕೇಂದ್ರದ ಅಪ್ಪಣೆಯಿಂದ ತಯಾರಾಗಿ ಹೊರಗಿನಿಂದ ಬರುವುವು. ಎಂಟು ಪುಟಗಳ ಪುಸ್ತಕದಲ್ಲಿ ಒಂದು ಪದದ ಅರ್ಥ ಬದಲಾದರೆ ತಿದ್ದಬೇಕಾದ ಸ್ಥಳಗಳು ಕೆಲವೇ. ಸಾವಿರಾರು ಪುಟಗಳಲ್ಲಾದರೆ ಸರ್ವನಾಶ. ದೊಡ್ಡ ಪುಸ್ತಕವೂ ತೀರ ಅಚಲವಲ್ಲವೆಂಬುದಕ್ಕೆ ಕ್ಯಾಂಡಿಡಾ ಎಂಬ ಯೀಸ್ಟುಗಳು ಸಾಕ್ಷಿ. ಅವುಗಳಲ್ಲಿ ಕೆಲವು ತಮ್ಮ ಕೇಂದ್ರದಲ್ಲಿಯೇ ಸಿಯುಜಿ ಎಂಬುದನ್ನು ಸೆರೀನ್ ಎಂದು ಓದುವುವೆಂದು ೧೯೮೯ರಲ್ಲಿ ಜಪಾನೀಯರು ಕಂಡರು.

ಈ ಭಾಷಾಭೇದದಿಂದ ಒಂದು ಪ್ರಾಯೋಗಿಕವಾದ ತೊಡಕೂ ಉಂಟು. ಮೈಟೊಕಾಂಡ್ರಿಯದ ಜೀನು ಕೆಟ್ಟರೆ ಮನುಷ್ಯರಲ್ಲಿಯೂ ವ್ಯಾಧಿಗಳುಂಟಾಗುವುವು. ತಾಯಿಯಿಂದ ಮಕ್ಕಳಿಗೆ ಬಂದು ಯೌವನದಲ್ಲಿ ದೃಷ್ಟಿಯನ್ನು ಕಳೆಯುವ ಲೆಬರರ ವ್ಯಾಧಿಗೆ ಇದೇ ಕಾರಣವೆಂದು ೧೯೮೮ರಲ್ಲಿ ಸಿದ್ಧವಾಯಿತು. ಕೆಟ್ಟ ಜೀನಿನ ಒಳ್ಳೆಯ ಪ್ರತಿಯನ್ನು ಕೇಂದ್ರದಲ್ಲಿ ಇರಿಸೋಣವೆಂದರೆ, ಕೇಂದ್ರದ ನಿಘಂಟಿನಲ್ಲಿ ಯುಜಿಎ ಪೂರ್ಣವಿರಾಮ. ವಾಕ್ಯವು ಅರ್ಧಕ್ಕೇ ಕಡಿದುಹೋಗುವುದು. ಆದುದರಿಂದ ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದ ನ್ಯಾಗ್ಲೀ ಮತ್ತು ಸಂಗಡಿಗರು ಯೀಸ್ಟಿನ ಮೈಟೊಕಾಂಡ್ರಿಯದ ಜೀನೊಂದನ್ನು ಕೇಂದ್ರದ ಭಾಷೆಗೆ ಅಕ್ಷರಶಃ ಪರಿವರ್ತಿಸಿ, ರಸಾಯನದಿಂದ ಹೊಸದಾಗಿ ಬರೆದು, ಕೇಂದ್ರದಲ್ಲಿ ನೆಲೆಗೊಳಿಸಿದರು. ಅಲ್ಲಿ ತಯಾರಾದ ಪ್ರೋಟೀನು ಮೈಟೊಕಾಂಡ್ರಿಯವನ್ನು ಹೊಕ್ಕಿತು. ಉಸಿರು ಕಳೆದುಕೊಂಡಿದ್ದ ಯೀಸ್ಟು ಮತ್ತೆ ಉಸಿರಾಡಿತು. ಅಂಥ ಪರಿವರ್ತಿತ ಜೀನುಗಳನ್ನೇ ಲೆಬರರ ರೋಗಿಗಳ ಕಣ್ಣಿಗೆ ಚುಚ್ಚಿ ಪರೀಕ್ಷಿಸುವ ಪ್ರಯತ್ನಗಳು ಆಮೇಲೆ ನಡೆದಿವೆ.

ಸ್ಲೋನಿಮ್ಸ್ಕಿಯವರು ಗಿಫ್ ಗ್ರಾಮದ ಶಾಲೆಯನ್ನು ಬಹುಕಾಲ ನಡೆಸಿ ೨೦೦೯ರಲ್ಲಿ ತೀರಿಕೊಂಡರು. ಅಕ್ರಿಫ್ಲೇವಿನ್ನಿನ ಸ್ಥಾನಕ್ಕೆ ಎಥಿಡಿಯಂ ಬ್ರೋಮೈಡ್ ಎಂಬ ಇನ್ನೂ ಉಗ್ರವಾದ ವರ್ಣದ್ರವ್ಯ ಬಂದಿದೆ. ಮಿಕ್ಕಂತೆ ಪರೀಕ್ಷೆಯು ೧೯೪೯ರಲ್ಲಿದ್ದಂತೆಯೇ ಇದೆ. ಸಕ್ಕರೆಯ ತಟ್ಟೆಯ ಮೇಲೆ ಯೀಸ್ಟನ್ನು ಚೆಲ್ಲಿ ಎರಡು ಮೂರು ದಿನ ಬೆಚ್ಚಗಿಟ್ಟರೆ, ದೊಡ್ಡ ಮಚ್ಚೆಗಳ ನಡುವೆ ಆ ಚಿಕ್ಕವು ಯಾವ ವಿದ್ಯಾರ್ಥಿಗಾದರೂ ಬರಿಗಣ್ಣಿಗೇ ಕಾಣುವುವು.